ಹುತ್ತಕ್ಕೆ ಹಾಲು, ಹಾವಿಗೆ ಬಡಿಗೆ

ಕಲ್ಲಿನ ನಾಗನಿಗೆ ಭಕ್ತಿಯಿಂದ ಹಾಲೆರೆದು, ಜೀವಂತ ನಾಗನನ್ನು ಕಂಡೊಡನೆ ಬಡಿಗೆಗೆ ಕೈಹಾಕುವವರ ಆತ್ಮವಂಚನೆಯನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಬಯಲಿಗೆಳೆದರು. ಆ ವಚನವನ್ನು ಅರಿಯದ ಭಕ್ತರು ವಿರಳ. ಅದರ ಮುಂದಿನ ಭಾಗದಲ್ಲಿ ಹಸಿದು ಬಂದ ಜಂಗಮನ ಮಾತು ಬರುವುದರಿಂದ, ಹಾವಿನ ಮಾತು ಬರಿಯ ದೃಷ್ಟಾಂತವೆಂದು ವ್ಯಾಖ್ಯಾನಿಸಿ ಮುಂದೆ ಸಾಗುವ ರೂಢಿಯುಂಟು. ದೃಷ್ಟಾಂತವೆಂಬುದು ನಿಜ. ಆದರೆ ಆ ದೃಷ್ಟಾಂತ ನಿಂತಿರುವುದೇ ಹಾವಿನ ಕೊಲೆ ತಪ್ಪೆಂಬ ತಿಳಿವಳಿಕೆಯ ಮೇಲೆ. ಅದು ತಪ್ಪಲ್ಲವಾದರೆ ಜಂಗಮನನ್ನು ಬಾಗಿಲಿನಿಂದ ಅಟ್ಟುವುದೂ ತಪ್ಪೆನಿಸದು.

ದೋರನಹಳ್ಳಿಯನ್ನೊಳಗೊಂಡ ಶಹಾಪುರ-ಸುರಪುರ ಸೀಮೆ ಹಿಂದೆ ಜೋಳ, ಸಜ್ಜೆ, ತೊಗರಿಗಳ ಒಣಬೇಸಾಯದ ನಾಡು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಭತ್ತದ ಗದ್ದೆಗಳು ಹರಡಿದವು. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಕೇರೆಹಾವಿಗೆ ವಿಷವಿಲ್ಲ, ಇಲಿಯೇ ಅದರ ಮುಖ್ಯ ಆಹಾರಗಳಲ್ಲೊಂದು. ಕೂಲಿ ಕೇಳದೆ ಬಿಲದೊಳಗೆ ನುಗ್ಗಿ ಕಾಯಕ ಮಾಡುವ ಆ ಜೀವವನ್ನು ಬದುವಿನ ಮೇಲೆ ಬಡಿದು ಹಾಕಿ, ಅದೇ ಸಂಜೆ ಅಂಗಡಿಗೆ ಹೋಗಿ ಹಣ ಕೊಟ್ಟು ಇಲಿಪಾಷಾಣ ತರುವ ಜಾಣ್ಮೆಗೆ ಏನೆನ್ನಬೇಕು? ಪಾಷಾಣ ತಿಂದ ಇಲಿಯನ್ನು ಗೂಗೆ ಹಿಡಿದರೆ ಗೂಗೆಗೂ ಅಪಾಯ. ಗೂಗೆಯಾದರೋ ಅಪಶಕುನವೆಂಬ ಹೆಸರಿನಲ್ಲಿ ಮೊದಲೇ ಕಲ್ಲೇಟು ತಿಂದಿರುತ್ತದೆ. ಶಕುನಗಳನ್ನು ತಳ್ಳಿಹಾಕಿದ ಶರಣರ ಮಕ್ಕಳಿಂದಲೇ!

ಮಕ್ಕಳು ಓಡಾಡುವ ಹೊಲದಲ್ಲಿ ಹಾವನ್ನು ಬಿಡುವುದು ಹೇಗೆಂಬ ಆಕ್ಷೇಪ ಹಗುರವಾದುದಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ಕಡಿತದಿಂದ ದುಡಿಯುವ ಜನ ಸಾಯುತ್ತಿರುವುದು ಸತ್ಯ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದೂ ಅದಕ್ಕಾಗಿಯೇ. ಆದರೆ ಹಾವನ್ನು ಬಡಿಯಲು ಹತ್ತಿರ ಹೋಗುವುದೇ ಕಡಿತಕ್ಕೆ ಆಹ್ವಾನ. ಮಳೆಗಾಲದ ರಾತ್ರಿ ಕೈಯಲ್ಲೊಂದು ಬ್ಯಾಟರಿ, ಕಾಲಿಗೆ ಬೂಟು, ಮನೆಯ ಸುತ್ತ ಕಸಕಡ್ಡಿಯ ರಾಶಿ ಇಲ್ಲದಿರುವುದು, ಮಲಗುವಾಗ ಸೊಳ್ಳೆಪರದೆ: ಇವು ಬಡಿಗೆಗಿಂತ ಹೆಚ್ಚು ಜೀವ ಉಳಿಸುತ್ತವೆ. ಕಡಿದರೆ ಮಂತ್ರ, ನಾಟಿಮದ್ದು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಈ ನಾಲ್ಕೂ ಹಾವುಗಳ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಇದೆ. ಮನೆಯೊಳಗೆ ಹಾವು ಬಂದರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಬಹುದು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಹಾವಿಗೂ ಉಂಟು.

ಚಳಿಗಾಲದಲ್ಲಿ ಹಿಮಾಲಯ ದಾಟಿ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ. ಬರಲಿ, ಸಂತೋಷ. ಆದರೆ ಕಣ್ಣಿಗೆ ಚೆಂದವಾದುದಕ್ಕಷ್ಟೇ ಸಲ್ಲುವ ದಯೆ ಸಕಲ ಜೀವಿಗಳಿಗೆ ಲೇಸು ಬಯಸಿದವರ ದಯೆಯಲ್ಲ. ಎಳ್ಳಮಾವಾಸ್ಯೆಗೆ ಹೊಲದ ತುಂಬ ಚರಗ ಚೆಲ್ಲಿದ ಹಿರಿಯರು ಯಾವ ಜೀವ ಉಣ್ಣಬೇಕು, ಯಾವುದು ಉಣ್ಣಬಾರದು ಎಂದು ಪಟ್ಟಿ ಮಾಡಿರಲಿಲ್ಲ. ಇಂದು ಚರಗವೇನೋ ತಪ್ಪದೆ ಚೆಲ್ಲಲಾಗುತ್ತದೆ. ಬೇಸಿಗೆ ಬಂದೊಡನೆ ಮಾತ್ರ ಅದೇ ಹೊಲದ ಕೂಳೆಗೆ ಬೆಂಕಿ ಬೀಳುತ್ತದೆ, ಬದುವಿನ ಜಾಲಿ ಬನ್ನಿಗಳು ಉರುಳುತ್ತವೆ, ಹುತ್ತದ ಮೇಲೆ ಜೆಸಿಬಿ ಹರಿಯುತ್ತದೆ. ಆಮೇಲೆ ಪಂಚಮಿಯ ಬೆಳಗ್ಗೆ ಹಾಲಿನ ತಂಬಿಗೆ ಹಿಡಿದು, ಎಲ್ಲಾದರೂ ಒಂದು ಹುತ್ತ ಉಳಿದಿದೆಯೇ ಎಂದು ಹುಡುಕಾಟ.