ಊರಿಗೆ ಹೊರಡುವ ಮುನ್ನ ಆ ಸಣ್ಣ ಡಬ್ಬಿ

ಕಳೆದ ಸಲ ಕೂಲಂಟ್ ಬಗ್ಗೆ ಬರೆದ ಮೇಲೆ ಇಬ್ಬರು ಓದುಗರು ಒಂದೇ ಪ್ರಶ್ನೆ ಕೇಳಿದರು: ಪವರ್ ಸ್ಟೀರಿಂಗ್ ಆಯಿಲ್ ಎಷ್ಟು ದಿನಕ್ಕೊಮ್ಮೆ ಹಾಕಿಸಬೇಕು?

ಮೊದಲು ನಿಮ್ಮ ಗಾಡಿಗೆ ಅದು ಬೇಕೇ ನೋಡಿ. ಸ್ವಿಫ್ಟ್‌ನಂಥ ಕಾರುಗಳಲ್ಲಿ ಸ್ಟೀರಿಂಗಿಗೆ ಬಲ ಕೊಡುವುದು ಎಲೆಕ್ಟ್ರಿಕ್ ಮೋಟಾರು, ಅಲ್ಲಿ ಆಯಿಲೇ ಇಲ್ಲ. ಸರ್ವಿಸ್ ಬಿಲ್ಲಿನಲ್ಲಿ ಆ ಸಾಲು ಕಂಡರೆ ಧಾರಾಳವಾಗಿ ಜಗಳ ಆಡಬಹುದು. ಹಳೆಯ ಇನ್ನೋವಾ, ಸ್ಕಾರ್ಪಿಯೋಗಳದ್ದು ಹೈಡ್ರಾಲಿಕ್. ಇಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ, ಪಂಪು ಆಯಿಲನ್ನು ಒತ್ತಡದಲ್ಲಿ ಸ್ಟೀರಿಂಗ್ ರ‍್ಯಾಕಿಗೆ ಕಳಿಸುತ್ತದೆ. ನಾನೂ ಅಂಥದ್ದೇ ಒಂದು ಮುದಿ ಗಾಡಿಯಲ್ಲಿ ಪುಣೆಯಿಂದ ಹುಬ್ಬಳ್ಳಿಗೆ ಓಡಾಡುವವನು.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ. ಸ್ಟೀರಿಂಗ್ ಚಕ್ರದ ಚಿತ್ರವಿರುವ ಮುಚ್ಚಳದ ಡಬ್ಬಿ ಸಿಗುತ್ತದೆ. ಧೂಳು ಒರೆಸಿಯೇ ಮುಚ್ಚಳ ತೆಗೆಯಿರಿ, ಒಂದು ಹರಳು ಮರಳು ಒಳಗೆ ಬಿದ್ದರೂ ಪಂಪಿಗೆ ಒಳ್ಳೆಯದಲ್ಲ. ಆಯಿಲ್ ಬಿಸಿಯಾದಾಗ ಹಿಗ್ಗುವುದರಿಂದ ಕೆಲವು ಡಬ್ಬಿಗಳಲ್ಲಿ ಹಾಟ್, ಕೋಲ್ಡ್ ಎಂದು ಬೇರೆ ಬೇರೆ ಗೆರೆ ಇರುತ್ತವೆ. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಪೂರ್ತಿ ಬದಲಿಸಬೇಕು. ನೊರೆ ಕಂಡರೆ ಗಾಳಿ ಸೇರಿದೆ ಎಂದರ್ಥ.

ಈಗ ಆ ಪ್ರಶ್ನೆಗೆ ಬರುತ್ತೇನೆ. ಈ ಆಯಿಲ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ನಮ್ಮ ಕಡೆಯ ಒಂದು ಗ್ಯಾರೇಜಿನವರು ಮೂರು ಸಲ ತುಂಬಿಸಿ ಕಳಿಸಿದರೇ ಹೊರತು ಒಮ್ಮೆಯೂ ಕೆಳಗೆ ಬಗ್ಗಿ ನೋಡಲಿಲ್ಲ. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಕಲೆಯೇ ಹೇಳುತ್ತದೆ. ನನ್ನದರಲ್ಲಿ ಪೈಪಿನ ಜೋಡಣೆ ಸಡಿಲವಾಗಿತ್ತು, ಅಷ್ಟೇ. ಸೋರಿಕೆ ಬಿಟ್ಟರೆ ಪಂಪು ಗಾಳಿ ಎಳೆದು, ತಿರುವಿನಲ್ಲಿ ಗುಂಯ್ ಎಂದು ಕೂಗಲು ಶುರುಮಾಡುತ್ತದೆ. ಆಮೇಲೆ ಪಂಪೇ ಹೋಗುತ್ತದೆ.

ಯಾವ ಆಯಿಲ್ ಎಂಬುದನ್ನು ಮ್ಯಾನ್ಯುಯಲ್ಲಿನಲ್ಲೇ ನೋಡಿ. ಬಣ್ಣ ಹೊಂದಿತೆಂದು ಸುರಿಯಬೇಡಿ. ಬ್ರೇಕ್ ಫ್ಲೂಯಿಡ್ ಅಂತೂ ಬೇಡವೇ ಬೇಡ, ಸೀಲುಗಳು ಹಾಳಾಗುತ್ತವೆ. ಪಾರ್ಕಿಂಗಿನಲ್ಲಿ ಸ್ಟೀರಿಂಗನ್ನು ಪೂರ್ತಿ ಕೊನೆಗೆ ತಿರುಗಿಸಿ ಒತ್ತಿ ಹಿಡಿದು ನಿಲ್ಲುವ ಅಭ್ಯಾಸವಿದ್ದರೆ ಬಿಡಿ, ಆಗ ಆಯಿಲ್ ವಿಪರೀತ ಕಾಯುತ್ತದೆ.

ಡೀಸೆಲ್ ಉಳಿಸಲು ಘಾಟಿ ಇಳಿಯುವಾಗ ಇಂಜಿನ್ ಆಫ್ ಮಾಡುವ ಕಾಕಾ, ಮಾಮಾಗಳು ನಿಮ್ಮ ಮನೆಯಲ್ಲೂ ಇರಬಹುದು. ಇಂಜಿನ್ ನಿಂತರೆ ಪಂಪೂ ನಿಂತಂತೆ. ಚಕ್ರ ತಿರುಗುತ್ತದೆ, ಆದರೆ ಕಲ್ಲಿನಷ್ಟು ಭಾರ. ಒಂದೆರಡು ಸಲ ಒತ್ತಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ. ಖಂಬಾಟಕಿ ಘಾಟಿನ ತಿರುವಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ಅದನ್ನು ಅರ್ಥಮಾಡಿಕೊಳ್ಳಲು ಸಮಯ ಸಿಗುವುದಿಲ್ಲ. ಕಾಕಾನಿಗೆ ಇದನ್ನು ಓದಿ ಹೇಳಿ.

ಬ್ರೇಕ್ ಫ್ಲೂಯಿಡ್ ಬಗ್ಗೆ ಮುಂದಿನ ತಿಂಗಳು ಬರೆಯುತ್ತೇನೆ.