ಗ್ಯಾಲರಿಯಲ್ಲಿ ಕೂತವರಿಗೆ ಉತ್ತರ ಕೊಡಿ

ಭಾರತದ ಪುರುಷರ ಫುಟ್‌ಬಾಲ್ ತಂಡ 2023ರ ಜುಲೈನಲ್ಲಿ ಫಿಫಾ ಪಟ್ಟಿಯ 99ನೇ ಸ್ಥಾನದಲ್ಲಿತ್ತು. 2025ರ ನವೆಂಬರ್ ಹೊತ್ತಿಗೆ 142ಕ್ಕೆ ಇಳಿಯಿತು. ನಡುವೆ ಏಷ್ಯಾ ಕಪ್‌ಗೆಂದು ಕತಾರ್‌ಗೆ ಹೋಗಿ, ಮೂರೂ ಪಂದ್ಯ ಸೋತು, ಒಂದೂ ಗೋಲು ಹೊಡೆಯದೆ ಮರಳಿತು. ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಎದುರು, ಹಾಂಗ್‌ಕಾಂಗ್‌ನಲ್ಲಿ ಆತಿಥೇಯರ ಎದುರು, ಗೋವಾದ ಫತೋರ್ಡಾದಲ್ಲಿ ಸಿಂಗಪುರದ ಎದುರು ಮುಗ್ಗರಿಸಿತು. 2027ರ ಏಷ್ಯಾ ಕಪ್‌ನ ಬಾಗಿಲು ಹಾಗೆ ಮುಚ್ಚಿತು. ಕೊನೆಗೆ ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋತಿತು. ಆ ನೆರೆಯ ತಂಡ ನಮ್ಮನ್ನು ಸೋಲಿಸಿ 22 ವರ್ಷಗಳಾಗಿದ್ದವು.

ಸೋಲು ಈ ತಂಡದ ಅಭಿಮಾನಿಗೆ ಹೊಸದೇನಲ್ಲ. ಏಷ್ಯಾದ ದೊಡ್ಡ ತಂಡಗಳ ಎದುರು ನಿಲ್ಲುವುದು ಎಷ್ಟು ಕಷ್ಟ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಂದ್ಯ ಮುಗಿದ ಮೇಲೆ ಅವನು ಕೇಳುವ ಪ್ರಶ್ನೆ ಬಹಳ ಸರಳ: ಇದನ್ನು ಯಾರು ತೀರ್ಮಾನಿಸಿದರು, ಯಾಕೆ ತೀರ್ಮಾನಿಸಿದರು, ನಮಗೆ ಯಾಕೆ ಹೇಳಲಿಲ್ಲ? ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಈ ಪ್ರಶ್ನೆಗೆ ನೆಟ್ಟಗೆ ಉತ್ತರಿಸುವ ಅಭ್ಯಾಸವನ್ನೇ ಬೆಳೆಸಿಕೊಂಡಿಲ್ಲ. ಮೈದಾನದ ಸೋಲಿಗೆ ಕಾರಣಗಳು ಹತ್ತು ಇರಬಹುದು. ಈ ಲೋಪಕ್ಕೆ ಮಾತ್ರ ಫೆಡರೇಷನ್ ಒಂದೇ ಹೊಣೆ.

2023ರ ಸೆಪ್ಟೆಂಬರ್‌ನ ಹಾಂಗ್‌ಝೌ ಏಷ್ಯನ್ ಗೇಮ್ಸ್ ನೆನಪಿಸಿಕೊಳ್ಳಿ. ತಂಡವನ್ನು ಕಳಿಸಬೇಕೇ ಬೇಡವೇ ಎಂಬ ಚರ್ಚೆ ಮೊದಲು ನಡೆಯಿತು. ಕಳಿಸಿಕೊಡಿ ಎಂದು ಆಗಿನ ಕೋಚ್ ಇಗೊರ್ ಸ್ಟಿಮಾಚ್ ಪ್ರಧಾನಿಗೆ ಬಹಿರಂಗ ಪತ್ರ ಬರೆಯಬೇಕಾಯಿತು. ಒಪ್ಪಿಗೆ ಸಿಕ್ಕಿತು, ಆದರೆ ಗೇಮ್ಸ್ ಪಂದ್ಯಗಳ ವಾರವೇ ಇಂಡಿಯನ್ ಸೂಪರ್ ಲೀಗ್ ಶುರುವಾಗಲಿತ್ತು. ಆಟಗಾರರನ್ನು ಬಿಟ್ಟುಕೊಡಲು ಕ್ಲಬ್‌ಗಳು ಹಿಂದೆಮುಂದೆ ನೋಡಿದವು. ತಂಡದ ಪಟ್ಟಿ ಮತ್ತೆ ಮತ್ತೆ ಬದಲಾಯಿತು. ಕಡೆಗೆ ಹುಡುಗರು ಪಂದ್ಯದ ಹಿಂದಿನ ಸಂಜೆ ಚೀನಾ ಮುಟ್ಟಿದರು. ಒಟ್ಟಿಗೆ ಅಭ್ಯಾಸ ಮಾಡಲು ಪುರುಸೊತ್ತೇ ಇರಲಿಲ್ಲ. ಮರುದಿನ ಆತಿಥೇಯರ ಎದುರು ಮೊದಲಾರ್ಧದ ಕೊನೆಯಲ್ಲಿ ಕೆ.ಪಿ. ರಾಹುಲ್ ಬಲಗಡೆಯಿಂದ ನುಗ್ಗಿ, ಗೋಲುಗಂಬಕ್ಕೂ ಚೆಂಡಿಗೂ ಕೋನವೇ ಇಲ್ಲದ ಜಾಗದಿಂದ ಬಲೆಗೆ ಬಾರಿಸಿದ ಆ ಒಂದು ಗೋಲನ್ನು ನೋಡಿದವರು ಮರೆಯಲಾರರು. 1-1ರಲ್ಲಿ ವಿರಾಮ. ಆಮೇಲೆ ಕಾಲುಗಳು ಕೈಕೊಟ್ಟವು. 1-5ರಲ್ಲಿ ಪಂದ್ಯ ಮುಗಿಯಿತು.

ಆ ನಾಲ್ಕು ಗೋಲುಗಳನ್ನು ಹುಡುಗರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಏಷ್ಯನ್ ಗೇಮ್ಸ್ ದಿನಾಂಕ ಬಹಳ ಮೊದಲೇ ಗೊತ್ತಿತ್ತು. ಲೀಗ್‌ನ ವೇಳಾಪಟ್ಟಿ ಫೆಡರೇಷನ್‌ನ ಕಣ್ಣೆದುರೇ ತಯಾರಾಗುವಂಥದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾದವರು ಯಾರು, ಅವರು ಯಾಕೆ ನೋಡಲಿಲ್ಲ ಎಂಬುದನ್ನು ದೇಶದ ಎದುರು ನಿಂತು ಯಾರಾದರೂ ಹೇಳಬೇಕಿತ್ತು. ಆ ಕೆಲಸ ಆಗದಿದ್ದಾಗ ಏನಾಗುತ್ತದೆ? ಕೋಚ್ ಒಂದು ಕಡೆ, ಕ್ಲಬ್‌ಗಳು ಇನ್ನೊಂದು ಕಡೆ, ಅಧಿಕಾರಿಗಳು ಮತ್ತೊಂದು ಕಡೆ ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಸತ್ಯ ಯಾವುದೆಂದು ಅಭಿಮಾನಿ ಪತ್ರಿಕೆಗಳ ತುಣುಕುಗಳನ್ನು ಜೋಡಿಸಿ ಊಹಿಸಬೇಕು.

ಸ್ಟಿಮಾಚ್ ಅವರನ್ನು ಬೀಳ್ಕೊಟ್ಟ ರೀತಿಯೂ ಹಾಗೇ ಇತ್ತು. 2023ರ ಅಕ್ಟೋಬರ್‌ನಲ್ಲಿ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಲಾಯಿತು. 2024ರ ಜೂನ್‌ನಲ್ಲಿ ಕತಾರ್ ಎದುರು ಸೋತು ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು ತಪ್ಪಿದ ಕೆಲವೇ ದಿನಗಳಲ್ಲಿ ವಜಾ ಮಾಡಲಾಯಿತು. ಅವರು ಫೆಡರೇಷನ್ ಅಧ್ಯಕ್ಷ ಕಲ್ಯಾಣ್ ಚೌಬೆ ಅವರ ಮೇಲೆ ಬಹಿರಂಗವಾಗಿ ಹರಿಹಾಯ್ದರು. ಜಗಳ ಬಗೆಹರಿಸಲು ಫೆಡರೇಷನ್ 4 ಲಕ್ಷ ಡಾಲರ್ ಕೊಡಬೇಕಾಯಿತು. ಮಕ್ಕಳ ಬೇಬಿ ಲೀಗ್‌ಗೆ, ಜಿಲ್ಲಾ ಮಟ್ಟದ ರೆಫರಿಗಳ ತರಬೇತಿಗೆ ಹಣವಿಲ್ಲ ಎಂದು ಕೇಳಿ ಕೇಳಿ ಸುಸ್ತಾದ ಜನರಿಗೆ ಆ ಮೊತ್ತ ಹೇಗೆ ಕಾಣಿಸಿರಬೇಕು? ಅದಾದ ಮೇಲೆ ಬಂದ ಮನೋಲೊ ಮಾರ್ಕೆಜ್ ಮೊದಲ ವರ್ಷ ಎಫ್‌ಸಿ ಗೋವಾ ಕ್ಲಬ್‌ನ ಕೋಚ್ ಆಗಿಯೂ ಮುಂದುವರಿದರು. ರಾಷ್ಟ್ರೀಯ ತಂಡಕ್ಕೆ ಅರೆಕಾಲಿಕ ಕೋಚ್ ಸಾಕೇ ಎಂದು ಅಭಿಮಾನಿಗಳು ನೇಮಕದ ದಿನವೇ ಕೇಳಿದ್ದರು. ಅವರ ಅವಧಿಯಲ್ಲಿ ಗೆದ್ದದ್ದು ಒಂದೇ ಪಂದ್ಯ, ಅದೂ ಮಾಲ್ಡೀವ್ಸ್ ಎದುರಿನ ಸೌಹಾರ್ದ ಪಂದ್ಯ. ಒಂದು ಮಾತು ಮಾತ್ರ ಮಾರ್ಕೆಜ್ ಪರವಾಗಿ ಹೇಳಬೇಕು. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಜೊತೆ ಗೋಲಿಲ್ಲದೆ ಡ್ರಾ ಮಾಡಿಕೊಂಡ ರಾತ್ರಿ ಅವರು ಪತ್ರಕರ್ತರ ಮುಂದೆ ಕೂತು, ಆಟ ಕೆಟ್ಟದಾಗಿತ್ತು, ನನಗೆ ಸಿಟ್ಟು ಬಂದಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಸೋತ ತಂಡದ ಅಭಿಮಾನಿಗೆ ಬೇಕಾದದ್ದು ಅಂಥ ಮಾತು.

ಮಾರ್ಕೆಜ್ ಹೋದ ಮೇಲೆ 2025ರ ಜುಲೈನಲ್ಲಿ ನಡೆದದ್ದನ್ನು ಬರೆಯುವಾಗ ಇಂದಿಗೂ ಸಂಕಟವಾಗುತ್ತದೆ. ಕೋಚ್ ಹುದ್ದೆಗೆ 170 ಅರ್ಜಿಗಳು ಬಂದಿದ್ದವು. ಅವುಗಳಲ್ಲಿ ಬಾರ್ಸಿಲೋನಾದ ಮಾಜಿ ಕೋಚ್ ಜಾವಿ ಹೆರ್ನಾಂಡೆಜ್ ಅವರ ಹೆಸರೂ ಇತ್ತೆಂದು ಫೆಡರೇಷನ್ ಕಡೆಯಿಂದಲೇ ಪತ್ರಿಕೆಗೆ ಖಚಿತಪಡಿಸಲಾಯಿತು. ಸುದ್ದಿ ಜಗತ್ತೆಲ್ಲ ಸುತ್ತಿತು. ದುಬಾರಿಯಾದೀತೆಂದು ಕೈಬಿಟ್ಟರಂತೆ ಎಂಬ ಮಾತೂ ಬಂತು. ಎರಡೇ ದಿನದಲ್ಲಿ, ಜಾವಿ ಹಾಗೂ ಪೆಪ್ ಗಾರ್ಡಿಯೋಲಾ ಹೆಸರಿನ ಇಮೇಲ್‌ಗಳು ನಕಲಿ ಎಂದು ಫೆಡರೇಷನ್ ಒಪ್ಪಿಕೊಳ್ಳಬೇಕಾಯಿತು. ಜಾವಿ ಹೆಸರಿನ ಇಮೇಲ್ ಕಳಿಸಿದ್ದು ತಾನೇ ಎಂದು ಕಾಲೇಜು ವಿದ್ಯಾರ್ಥಿಯೊಬ್ಬ ಹೇಳಿದ.

ಒಂದು ಫೋನ್ ಕರೆ ಮಾಡಿದ್ದರೆ ಸಾಕಿತ್ತು. ಅರ್ಜಿ ಹಾಕಿದವರು ಅವರೇ ಹೌದೋ ಅಲ್ಲವೋ ಎಂದು ನೋಡುವುದು ಯಾವ ಕಚೇರಿಯಲ್ಲೂ ಗುಮಾಸ್ತರು ಮೊದಲು ಮಾಡುವ ಕೆಲಸ. ಇಲ್ಲಿ ಪರಿಶೀಲನೆಗಿಂತ ಮೊದಲು ಮಾತು ಹೊರಬಿತ್ತು. ಪರದೇಶಗಳ ಪತ್ರಿಕೆಗಳು ನಕ್ಕವು. ಆ ನಗೆಯ ಪೆಟ್ಟು ಬಿದ್ದದ್ದು ಯಾರಿಗೆ? ದುಬೈಯಲ್ಲೋ ಲಂಡನ್ನಿನಲ್ಲೋ ಸಹೋದ್ಯೋಗಿಗಳ ನಡುವೆ ಕೂತು ನಮ್ಮ ದೇಶದಲ್ಲೂ ಫುಟ್‌ಬಾಲ್ ಇದೆ ಎಂದು ವಾದಿಸುವ ಹುಡುಗನಿಗೆ. ಅಂದು ಸುದ್ದಿಯಾಗಬೇಕಿದ್ದ ವಿಷಯ ಬೇರೆಯೇ ಇತ್ತು. ಅದೇ ಜುಲೈ 5ರಂದು ನಮ್ಮ ಮಹಿಳಾ ತಂಡ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2-1ರಿಂದ ಸೋಲಿಸಿ, ಮೊದಲ ಬಾರಿಗೆ ಅರ್ಹತಾ ಸುತ್ತು ಆಡಿ ಗೆದ್ದು ಏಷ್ಯಾ ಕಪ್‌ಗೆ ಹೋಗಿತ್ತು. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದು. ಆ ಹೆಸರು ದೇಶದ ಬಾಯಲ್ಲಿ ಇರಬೇಕಿದ್ದ ತಿಂಗಳಲ್ಲಿ ಜಾವಿ ಹೆಸರು ಇತ್ತು.

ಟೀಕೆಗೆ ಕೊಟ್ಟ ಉತ್ತರದಲ್ಲೂ ಇದೇ ಕೊರತೆ ಕಾಣುತ್ತದೆ. ಹಾಂಗ್‌ಕಾಂಗ್ ಸೋಲಿನ ಬಳಿಕ ಮಾಜಿ ನಾಯಕ ಬೈಚುಂಗ್ ಭುಟಿಯಾ ಅಧ್ಯಕ್ಷರ ರಾಜೀನಾಮೆ ಕೇಳಿದರು. ಅಧ್ಯಕ್ಷರು ಪತ್ರಿಕಾಗೋಷ್ಠಿ ಕರೆದರು, ಒಳ್ಳೆಯದು. ಆದರೆ ಅಲ್ಲಿ ಭುಟಿಯಾ ಅವರ ಅಕಾಡೆಮಿಗಳ ಬಗ್ಗೆಯೂ ಮಾತು ಹರಿಯಿತು. ಇಬ್ಬರೂ 2022ರ ಫೆಡರೇಷನ್ ಚುನಾವಣೆಯಲ್ಲಿ ಎದುರಾಳಿಗಳಾಗಿದ್ದವರು. ಚೌಬೆ 33-1ರಿಂದ ಗೆದ್ದಿದ್ದರು. ಆ ಹಳೆಯ ಲೆಕ್ಕ ಅವರವರ ನಡುವೆ ಇರಲಿ. ಹಾಂಗ್‌ಕಾಂಗ್‌ನಲ್ಲಿ ಕೊನೆ ಗಳಿಗೆಯ ಪೆನಾಲ್ಟಿಯಲ್ಲಿ ಸೋತ ತಂಡಕ್ಕೆ ಗೋಲು ಹೊಡೆಯುವವರೇ ಯಾಕೆ ಸಿಗುತ್ತಿಲ್ಲ, ನಿವೃತ್ತಿ ಘೋಷಿಸಿದ್ದ ಸುನಿಲ್ ಛೆಟ್ರಿ ಅವರನ್ನು 40ನೇ ವಯಸ್ಸಿನಲ್ಲಿ ಮರಳಿ ಕರೆಯುವ ಸ್ಥಿತಿ ಯಾಕೆ ಬಂತು ಎಂದು ಕೇಳಿದವನಿಗೆ ಅದರಿಂದ ಏನೂ ಸಿಗಲಿಲ್ಲ. ಛೆಟ್ರಿ ವಾಪಸಾತಿಯ ಬಗ್ಗೆ ಅಭಿಮಾನಿಗಳಲ್ಲೇ ಎರಡು ಅಭಿಪ್ರಾಯವಿತ್ತು. ಅವರಿಲ್ಲದೆ ಗೋಲಿಲ್ಲ ಎಂಬುದು ಒಂದು ಮಾತು, ಅವರಿದ್ದರೆ ಕಿರಿಯರಿಗೆ ಜಾಗವಿಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿತ್ತು. ವಾಪಸಾತಿಯನ್ನು ಸಂಭ್ರಮದ ಪೋಸ್ಟರ್‌ನಂತೆ ಪ್ರಕಟಿಸಿದ ಫೆಡರೇಷನ್, ಮುಂದಿನ ಸ್ಟ್ರೈಕರ್ ಎಲ್ಲಿಂದ ಬರುತ್ತಾನೆ ಎಂಬ ಪ್ರಶ್ನೆಯ ಕಡೆ ತಿರುಗಲಿಲ್ಲ.

ಕ್ಲಬ್ ಫುಟ್‌ಬಾಲ್‌ನ ಕಥೆ ಇನ್ನೂ ಕಷ್ಟದ್ದು. ಸೂಪರ್ ಲೀಗ್ ನಡೆಸಲು ಆಧಾರವಾಗಿದ್ದ 15 ವರ್ಷದ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುತ್ತದೆ ಎಂಬುದು ಸಹಿ ಬಿದ್ದ 2010ರಿಂದಲೇ ಎಲ್ಲರಿಗೂ ಗೊತ್ತಿದ್ದದ್ದು. ಫೆಡರೇಷನ್ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು, ಅದು ಇತ್ಯರ್ಥವಾಗುವವರೆಗೆ ಹೊಸ ಒಪ್ಪಂದಕ್ಕೆ ಕೈಹಾಕುವಂತಿರಲಿಲ್ಲ. ಈ ತೊಡಕು ನಿಜವಾದದ್ದು, ಅದನ್ನು ಒಪ್ಪೋಣ. ಆದರೆ 2025ರ ಜುಲೈನಲ್ಲಿ ಲೀಗ್ ತಡೆಹಿಡಿದ ಸುದ್ದಿ ಬಂದಾಗ ಆಟಗಾರರು, ಕ್ಲಬ್‌ಗಳು, ಸೀಸನ್ ಟಿಕೆಟ್ ಕೊಳ್ಳುವವರು ಎಲ್ಲರೂ ಕತ್ತಲಲ್ಲೇ ಇದ್ದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುತ್ತಿದ್ದೇವೆ ಎಂದು ಪ್ರಕಟಿಸಿತು. ಆ ನಿರ್ಧಾರವನ್ನು ನಾವು ಒಪ್ಪುವುದಿಲ್ಲ. ಆಟಗಾರನ ಮನೆಯ ಬಾಡಿಗೆ ಲೀಗ್‌ನ ವೇಳಾಪಟ್ಟಿ ನೋಡಿ ನಿಲ್ಲುವುದಿಲ್ಲ. ಆದರೂ ಕ್ಲಬ್ ಕಹಿ ಸುದ್ದಿಯನ್ನು ತನ್ನ ಹೆಸರಿನಲ್ಲಿ, ಕಾರಣ ಸಹಿತ, ತಾನೇ ಹೇಳಿತು. ನವೆಂಬರ್‌ನಲ್ಲಿ ಲೀಗ್‌ನ ಆಟಗಾರರು ಸೇರಿ ನಮಗೆ ಆಡಲು ಬಿಡಿ ಎಂದು ಹೇಳಿಕೆ ಕೊಟ್ಟರು. ದೇಶದ ಜರ್ಸಿ ತೊಟ್ಟವರು ಹೀಗೆ ಬೇಡಿಕೊಳ್ಳುವ ಸ್ಥಿತಿ ತಂದದ್ದು ಆಡಳಿತದ ಸೋಲು.

ಬೆಂಗಳೂರಿನವರಿಗೆ ಇದನ್ನು ಕೇಳುವ ಹಕ್ಕು ಬೇರೆಯವರಿಗಿಂತ ಕಡಿಮೆಯೇನಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡವರು ಇಲ್ಲಿದ್ದಾರೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅದೇ ವರ್ಷ ಜುಲೈ 4ರಂದು ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಕುವೈತ್‌ನ ಕೊನೆಯ ಪೆನಾಲ್ಟಿ ತಡೆದಾಗ ಕಂಠೀರವ ಕ್ರೀಡಾಂಗಣ ಕಿಕ್ಕಿರಿದಿತ್ತು. ಆಟಗಾರರೂ ಪ್ರೇಕ್ಷಕರೂ ಒಟ್ಟಿಗೆ ಹಾಡಿದರು. ತಂಡ ನೂರರೊಳಗೆ ಬಂದದ್ದು ಆ ವರ್ಷದ ಗೆಲುವುಗಳಿಂದ. ಗ್ಯಾಲರಿ ಬೆನ್ನಿಗಿದ್ದರೆ ಈ ತಂಡ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಪುರಾವೆ ಬೇಕೇ?

ಗ್ಯಾಲರಿಯವರದೆಲ್ಲ ಸರಿ ಎಂದು ನಾವು ಹೇಳುತ್ತಿಲ್ಲ. ಒಂದು ತಪ್ಪು ಪಾಸ್‌ಗೆ ಹುಡುಗನೊಬ್ಬನ ಮನೆಯವರನ್ನೆಲ್ಲ ಮೊಬೈಲ್‌ನಲ್ಲಿ ಬಯ್ಯುವ ಕೆಲಸ ನಡೆಯುತ್ತಿದೆ, ಅದು ಹೇಯ. ಹಾಗೆ ಬಯ್ಯುವವರಿಂದ ಆಟಗಾರರನ್ನು ಕಾಪಾಡುವುದೂ ಫೆಡರೇಷನ್‌ನ ಹೊಣೆ. ನಿಜ ಹೇಳುವವರು ಇಲ್ಲದ ಕಡೆ ಗಾಳಿಮಾತು ಬೆಳೆಯುತ್ತದೆ. ಅದು ಕೊನೆಗೆ ಬಂದು ಬೀಳುವುದು ಮೈದಾನದಲ್ಲಿ ಕಣ್ಣೆದುರು ಇರುವ ಆಟಗಾರನ ಮೇಲೆ, ತೆರೆಮರೆಯಲ್ಲಿ ತೀರ್ಮಾನ ತೆಗೆದುಕೊಂಡವರ ಮೇಲಲ್ಲ.

2018ರ ಜೂನ್‌ನಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆ ಎದುರಿನ ಪಂದ್ಯಕ್ಕೆ ಬಂದವರು ಮೂರು ಸಾವಿರವೂ ಇರಲಿಲ್ಲ. ಛೆಟ್ರಿ ಒಂದು ವಿಡಿಯೊದಲ್ಲಿ ಮಾತಾಡಿದರು. ಬಯ್ಯುವುದಿದ್ದರೂ ಬಂದು ಬಯ್ಯಿರಿ, ಸ್ಟೇಡಿಯಂಗೆ ಬನ್ನಿ ಎಂಬುದು ಅವರ ಮಾತಿನ ಸಾರ. ಕೀನ್ಯಾ ಎದುರಿನ ಮುಂದಿನ ಪಂದ್ಯಕ್ಕೆ ಒಂದು ಟಿಕೆಟ್ಟೂ ಉಳಿಯಲಿಲ್ಲ. ಒಬ್ಬ ಆಟಗಾರ ಜನರನ್ನು ನಂಬಿ ನೇರವಾಗಿ ಮಾತಾಡಿದ್ದಕ್ಕೆ ಜನ ಹಾಗೆ ಉತ್ತರ ಕೊಟ್ಟರು. ಫೆಡರೇಷನ್‌ಗೆ ಈ ಪಾಠ ಹೊರಗಿನಿಂದ ಯಾರೂ ಕಲಿಸಬೇಕಾಗಿಲ್ಲ, ಅದು ಅವರದೇ ನಾಯಕನಿಂದ ಬಂದದ್ದು.

ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಪ್ರತಿ ಟೂರ್ನಿಯ ನಂತರ ತಾಂತ್ರಿಕ ಸಮಿತಿಯ ವರದಿ ಸಾರ್ವಜನಿಕವಾಗಲಿ: ಶಿಬಿರ ಎಷ್ಟು ದಿನ ಸಿಕ್ಕಿತು, ಯಾವ ಕ್ಲಬ್ ಆಟಗಾರರನ್ನು ಬಿಟ್ಟುಕೊಡಲಿಲ್ಲ, ಕೋಚ್ ಕೇಳಿದ್ದು ಏನು, ಕೊಟ್ಟದ್ದು ಏನು ಎಂಬುದೆಲ್ಲ ಅದರಲ್ಲಿ ಇರಲಿ. ಕೋಚ್ ನೇಮಕವಾದಾಗ ಆಯ್ಕೆಯ ಕಾರಣ, ಒಪ್ಪಂದದ ಅವಧಿ, ಗುರಿ ಅದೇ ದಿನ ಪ್ರಕಟವಾಗಲಿ. ಮಾರ್ಕೆಜ್ ಜಾಗಕ್ಕೆ ಬಂದ ಖಾಲಿದ್ ಜಮೀಲ್ ಹಲವು ವರ್ಷಗಳ ನಂತರ ಈ ಹುದ್ದೆಗೆ ಬಂದ ಭಾರತೀಯ ಕೋಚ್. ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದುಕೊಟ್ಟವರು. ಮುಂದಿನ ಸೋಲಿನ ರಾತ್ರಿ ಪತ್ರಕರ್ತರೆದುರು ಅವರೊಬ್ಬರನ್ನೇ ಕೂರಿಸಬೇಡಿ. ಅಧ್ಯಕ್ಷರೂ ಪಕ್ಕದ ಕುರ್ಚಿಯಲ್ಲಿ ಕೂರಲಿ. ಪಂದ್ಯ ನಡೆಯುವ ಊರಿನಲ್ಲಿ ಹಿಂದಿನ ದಿನ ಬ್ಲೂ ಪಿಲ್ಗ್ರಿಮ್ಸ್, ವೆಸ್ಟ್ ಬ್ಲಾಕ್ ಬ್ಲೂಸ್‌ನಂಥ ಅಭಿಮಾನಿ ಬಳಗಗಳನ್ನು ಕರೆದು ಒಂದು ಗಂಟೆ ಅವರ ಪ್ರಶ್ನೆ ಕೇಳಿಸಿಕೊಳ್ಳಲಿ. ಇದಕ್ಕೆ ಪ್ರಾಯೋಜಕರು ಬೇಕಾಗಿಲ್ಲ, ಕೋರ್ಟಿನ ಅನುಮತಿಯೂ ಬೇಕಾಗಿಲ್ಲ. ತಂಡ ತವರಿನಲ್ಲಿ ಆಡುವ ಮುಂದಿನ ಪಂದ್ಯದಿಂದಲೇ ಶುರುಮಾಡಬಹುದು.