ಸೂತ್ರಕ್ಕೆ ಮೊದಲು ಗಾಡಿ

'ಬಲ = ದ್ರವ್ಯರಾಶಿ × ವೇಗೋತ್ಕರ್ಷ' ಎಂಬುದನ್ನು ಒಂಬತ್ತನೇ ತರಗತಿಯ ಮಕ್ಕಳು ಬಾಯಿಪಾಠ ಮಾಡಿ ಲೆಕ್ಕವನ್ನೂ ಬಿಡಿಸುತ್ತಾರೆ. ಆದರೆ ತಳ್ಳುವುದನ್ನು ಬಿಟ್ಟರೆ ಗಾಡಿ ಏಕೆ ನಿಲ್ಲುತ್ತದೆ ಎಂದು ನನ್ನ ಬಳಿ ಟ್ಯೂಷನ್‌ಗೆ ಬರುವವರನ್ನು ಕೇಳಿದರೆ, "ಬಲ ಮುಗಿಯಿತು" ಎನ್ನುತ್ತಾರೆ. ಗಾಡಿಯನ್ನು ನಿಲ್ಲಿಸುವುದೂ ಒಂದು ಬಲವೇ, ಅದು ಘರ್ಷಣೆ ಎಂಬುದು ಅವರಿಗೆ ಹೊಳೆದಿಲ್ಲ. ಈ ತಪ್ಪು ತಿಳಿವಳಿಕೆ ಪಿಯುಸಿಗೂ ಬರುತ್ತದೆ. ಕೊನೆಗೆ "ಫಿಸಿಕ್ಸ್ ನಮಗಲ್ಲ" ಎಂದು ಕೈಚೆಲ್ಲುತ್ತೇವೆ.

ಸೂತ್ರ ಬರೆಯುವ ಮೊದಲು ಮಕ್ಕಳ ಕೈಗೆ ಗಾಡಿ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲು ಖಾಲಿ ಗಾಡಿಯನ್ನು ತಳ್ಳಲಿ. ಬಳಿಕ ಇಬ್ಬರನ್ನು ಕೂರಿಸಿ ಅಷ್ಟೇ ಬಲ ಹಾಕಲಿ. ದ್ರವ್ಯರಾಶಿ ಹೆಚ್ಚಿದರೆ ವೇಗ ನಿಧಾನವಾಗಿ ಏರುತ್ತದೆ ಎಂದು ಅವರ ತೋಳುಗಳೇ ಹೇಳುತ್ತವೆ. ಆಮೇಲೆ ಬೋರ್ಡಿನ ಮೇಲಿನ ಸೂತ್ರ ಅಪರಿಚಿತ ಅನ್ನಿಸುವುದಿಲ್ಲ.

ನಮ್ಮ ಲ್ಯಾಬಿನ ಟ್ರಾಲಿ, ಸ್ಪ್ರಿಂಗ್ ತಕ್ಕಡಿಗಳನ್ನು ಪಕ್ಕದ ಹೈಸ್ಕೂಲಿಗೆ ಒಯ್ಯಲು ಅಧ್ಯಾಪಕರು ಅನುಮತಿ ಕೊಟ್ಟರೆ, ಹೊತ್ತೊಯ್ಯಲು ನಾವು ಸಿದ್ಧ.